ಸಣ್ಣ ಟ್ಯೂಬ್ ಕಾಂಬೊ ಆಂಪ್ ಕೊಳ್ಳುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಲ್ಲಿ ಒಂದು 5 ವ್ಯಾಟಿನ ಟ್ಯೂಬ್ ಆಂಪ್, ಅಂದರೆ ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಇದೆ. ಅದನ್ನು ನೋಡಿದವರು, ಫೋನ್ ಮಾಡಿದವರು, ಬರೆದು ಕೇಳಿದವರು, ಎಲ್ಲರ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ. ಅವರು ಕೇಳಿದ ಮಾತಿನಲ್ಲೇ ಬಿಟ್ಟಿದ್ದೇನೆ. ನಾನು ಎಲ್ಲರಿಗೂ ಮೊದಲು ಕೇಳುವುದು ಒಂದೇ: ನೀವು ದಿನಾ ನುಡಿಸುವ ಕೋಣೆ ಯಾವುದು? ಉಳಿದದ್ದೆಲ್ಲ ಆಮೇಲೆ.

### ಈಗಷ್ಟೇ ಯೋಚಿಸುತ್ತಿರುವವರಿಗೆ

ಟ್ಯೂಬ್ ಆಂಪ್ ಅಂದರೆ ಏನು ಸಾರ್? ಕಾಂಬೊ ಅಂದರೆ?

ಟ್ಯೂಬ್ ಅಂದರೆ ತಾತನ ಕಾಲದ ರೇಡಿಯೋದೊಳಗೆ ಕೆಂಪಗೆ ಹೊಳೆಯುತ್ತಿದ್ದ ಅದೇ ವಾಲ್ವ್. ಗಾಜಿನ ಬುರುಡೆಯಿಂದ ಗಾಳಿ ತೆಗೆದಿರುತ್ತಾರೆ. ಒಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ದಾರಿಯಲ್ಲಿ ಒಂದು ಸಣ್ಣ ಜಾಲರಿ ಅವುಗಳನ್ನು ಹಿಡಿತದಲ್ಲಿ ಇಡುತ್ತದೆ. ಗಿಟಾರಿನಿಂದ ಬಂದ ಸಣ್ಣ ಸಿಗ್ನಲ್ ಆ ಜಾಲರಿಗೆ ಹೋಗಿ, ದೊಡ್ಡದಾಗಿ ಹೊರಗೆ ಬರುತ್ತದೆ.

ಮೆಲ್ಲಗೆ ಮೀಟಿದರೆ ದನಿ ತಿಳಿಯಾಗಿರುತ್ತದೆ. ಜೋರಾಗಿ ಮೀಟಿದರೆ ಟ್ಯೂಬ್ ತನ್ನ ಮಿತಿ ಮುಟ್ಟುತ್ತದೆ, ದನಿ ನಿಧಾನಕ್ಕೆ ಒಡೆಯುತ್ತದೆ. ಹಾಡುವವರ ಗಂಟಲು ತಾರಸ್ಥಾಯಿಯಲ್ಲಿ ಸ್ವಲ್ಪ ಒರಟಾಗುತ್ತದಲ್ಲ, ಹಾಗೆ. ಬೆರಳಿನ ಒತ್ತಡಕ್ಕೆ ತಕ್ಕಂತೆ ದನಿ ಬದಲಾಗುವ ಈ ಗುಣಕ್ಕೇ ಜನ ಇವತ್ತಿಗೂ ಟ್ಯೂಬ್ ಹುಡುಕುವುದು. ಕಾಂಬೊ ಅಂದರೆ ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರುವುದು, ಅಷ್ಟೇ.

ಮನೇಲಿ ನುಡಿಸೋಕೆ 15 ವ್ಯಾಟ್ ಕಡಿಮೆ ಆಗಲ್ವಾ?

ಕಡಿಮೆ ಅಲ್ಲ, ತೀರಾ ಜಾಸ್ತಿ. ಜನ ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ಲೆಕ್ಕ ಮಾಡೋಣ.

ಪ್ರತಿ ಸ್ಪೀಕರಿಗೂ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತದೆ. 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವ ಲೆಕ್ಕ ಅದು. ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ ಸ್ಪೀಕರಿಗೆ 98. ಅಂದರೆ ಬರೀ 1 ವ್ಯಾಟಿಗೇ 98 ಡೆಸಿಬೆಲ್! ವ್ಯಾಟ್ ಎರಡರಷ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ಹತ್ತರಷ್ಟಾದರೆ 10 ಡೆಸಿಬೆಲ್ ಏರುತ್ತದೆ, ಕಿವಿಗೆ ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ. ಈ ಲೆಕ್ಕದಲ್ಲಿ 5 ವ್ಯಾಟಿಗೆ 105, 15 ವ್ಯಾಟಿಗೆ ಸುಮಾರು 110, 50 ವ್ಯಾಟಿಗೆ 115. ಹಾಗಾಗಿ 50 ವ್ಯಾಟಿನ ಆಂಪ್ 5 ವ್ಯಾಟಿನದಕ್ಕಿಂತ ಹತ್ತು ಪಟ್ಟು ಜೋರಲ್ಲ, ಹೆಚ್ಚುಕಮ್ಮಿ ಎರಡು ಪಟ್ಟು.

ಈಗ ನಮ್ಮ ಮನೆಗಳನ್ನು ನೋಡಿ. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಟೂ ಬಿಎಚ್‌ಕೆ ಫ್ಲಾಟಿನ ಹತ್ತಡಿ ಕೋಣೆಯಲ್ಲಿ 15 ವ್ಯಾಟಿನ ಆಂಪನ್ನು ಅದರ ಒಳ್ಳೆ ದನಿ ಬರುವಷ್ಟು ತೆರೆಯಲು ಆಗುವುದೇ ಇಲ್ಲ. ವಾಲ್ಯೂಮ್ ಒಂದರಲ್ಲೇ ಸಿಕ್ಕಿಕೊಂಡಿರುತ್ತದೆ. ಪವರ್ ಟ್ಯೂಬ್ (ಕೊನೆಯಲ್ಲಿ ಸ್ಪೀಕರಿಗೆ ಶಕ್ತಿ ಕೊಡುವ ಟ್ಯೂಬ್) ಸ್ವಲ್ಪ ದುಡಿದಾಗ ಬರುವ ದನಿಗೆ ದುಡ್ಡು ಕೊಟ್ಟು, ಅದನ್ನು ಒಂದು ದಿನವೂ ಕೇಳದೆ ಇರುವುದು ನನಗೆ ನಿಜಕ್ಕೂ ಬೇಜಾರಿನ ವಿಷಯ.

5 ವ್ಯಾಟಿಗೂ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರಲ್ಲ, ಏನು ಮಾಡೋದು?

ಮೂರು ದಾರಿ ಇವೆ. ಮೊದಲನೆಯದು, ಪವರ್ ಇಳಿಸುವ ಸ್ವಿಚ್ ಇರುವ ಆಂಪ್. ಮಾರ್ಷಲ್ ಡಿಎಸ್‌ಎಲ್5 ಅನ್ನು 0.5 ವ್ಯಾಟಿಗೆ, ಬುಗೆರಾ ವಿ5 ಅನ್ನು 1 ವ್ಯಾಟಿಗೆ ಅಥವಾ 0.1 ವ್ಯಾಟಿಗೆ ಇಳಿಸಬಹುದು. ಎರಡನೆಯದು ಮಾಸ್ಟರ್ ವಾಲ್ಯೂಮ್, ಅಂದರೆ ಪವರ್ ಟ್ಯೂಬಿಗೆ ಹೋಗುವ ಸಿಗ್ನಲನ್ನು ಇಳಿಸುವ ನಾಬ್. ಇದರಲ್ಲಿ ಪ್ರೀಆಂಪ್ ಟ್ಯೂಬ್ (ಗಿಟಾರಿನ ಸಿಗ್ನಲನ್ನು ಮೊದಲು ಹಿಗ್ಗಿಸುವ ಸಣ್ಣ ಟ್ಯೂಬ್) ಮಾತ್ರ ದುಡಿಯುತ್ತದೆ, ದನಿ ಸ್ವಲ್ಪ ತೆಳು. ಮೂರನೆಯದು ಅಟೆನ್ಯುಯೇಟರ್. ಆಂಪಿಗೂ ಸ್ಪೀಕರಿಗೂ ನಡುವೆ ಕೂತು, ಹೆಚ್ಚಿನ ಪವರನ್ನು ಶಾಖ ಮಾಡಿ ಕಳೆಯುವ ಪೆಟ್ಟಿಗೆ ಅದು.

ಅದಕ್ಕೂ ಮುಂಚೆ ಖರ್ಚಿಲ್ಲದ ಕೆಲಸ ಒಂದಿದೆ. ಆಂಪನ್ನು ನೆಲದಿಂದ ಎತ್ತಿ ಮೋಡದ ಹಾಗೆ ಮೆತ್ತಗಿರುವ ಏನಾದರೊಂದರ ಮೇಲೆ ಇಡಿ. ನಾನು ಹಳೆಯ ಹತ್ತಿ ಹಾಸಿಗೆಯ ಒಂದು ತುಂಡನ್ನು ಮರದ ಸ್ಟೂಲಿನ ಮೇಲೆ ಹಾಕಿದ್ದೇನೆ. ಕೆಳಗಿನ ಮನೆಗೆ ಹೋಗುತ್ತಿದ್ದದ್ದು ಹೆಚ್ಚಾಗಿ ನೆಲದ ಮೂಲಕ ಇಳಿಯುವ ಗುಡುಗುಡು. ಅದು ಬಹಳ ಕಡಿಮೆಯಾಯಿತು. ಸ್ಪೀಕರ್ ಕಿವಿಯ ಎತ್ತರಕ್ಕೆ ಬಂದಿದ್ದರಿಂದ ನಾನೂ ವಾಲ್ಯೂಮ್ ಇಳಿಸಿದೆ.

ಮೊದಲ ಆಂಪೇ ಟ್ಯೂಬ್ ತಗೋಬೇಕಾ?

ಬೇಕಿಲ್ಲ. ಪೀಜಿಯಲ್ಲಿ ಇದ್ದೀರಿ, ರಾತ್ರಿ ಹೆಡ್‌ಫೋನಿನಲ್ಲಿ ಮಾತ್ರ ನುಡಿಸುತ್ತೀರಿ ಅಂದರೆ ಒಳ್ಳೆಯ ಮಾಡೆಲಿಂಗ್ ಆಂಪ್ (ಟ್ಯೂಬಿನ ದನಿಯನ್ನು ಡಿಜಿಟಲ್ ಆಗಿ ಅನುಕರಿಸುವ ಆಂಪ್) ತೆಗೆದುಕೊಳ್ಳಿ. ಸ್ವಂತ ಕೋಣೆ, ಹಗಲಲ್ಲಿ ಅರ್ಧ ಗಂಟೆ ತೆರೆದು ನುಡಿಸುವ ಅವಕಾಶ ಇದ್ದರೆ ಟ್ಯೂಬ್ ಯೋಚಿಸಿ.

### ಅಂಗಡಿಗೆ ಹೋಗುವ ಮುಂಚೆ

6ವಿ6 ಒಳ್ಳೇದಾ, ಇಎಲ್84 ಒಳ್ಳೇದಾ?

ಎರಡೂ ಸಣ್ಣ ಆಂಪುಗಳ ಪವರ್ ಟ್ಯೂಬುಗಳು. 6ವಿ6 ಅಮೆರಿಕದ ಫೆಂಡರ್ ಚಾಂಪ್, ಪ್ರಿನ್ಸ್‌ಟನ್, ಡಿಲಕ್ಸ್ ಆಂಪುಗಳದ್ದು. ದುಂಡನೆ ದನಿ, ಮೇಲೆ ಮೃದು. ಇಎಲ್84 ಇಂಗ್ಲೆಂಡಿನ ವಾಕ್ಸ್ ಎಸಿ15ರದ್ದು. ಮೇಲಿನ ಸ್ವರಗಳಲ್ಲಿ ಗೆಜ್ಜೆಯ ಹಾಗೆ ಒಂದು ಹೊಳಪು, ಬೇಗ ಒಡೆಯುತ್ತದೆ. ಆದರೆ ಟ್ಯೂಬ್ ಹೆಸರೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಫೆಂಡರ್ ಬ್ಲೂಸ್ ಜೂನಿಯರ್‌ನಲ್ಲೂ ಎರಡು ಇಎಲ್84 ಇವೆ, ಅದರ ದನಿ ವಾಕ್ಸಿನ ಹಾಗಿಲ್ಲ. ಸರ್ಕ್ಯೂಟ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಎಲ್ಲ ಸೇರಿಯೇ ದನಿ.

8 ಇಂಚಿನ ಸ್ಪೀಕರ್ ಸಾಕಾ? 12 ಇಂಚೇ ಬೇಕಾ?

ನನ್ನನ್ನು ಕೇಳಿದರೆ ವ್ಯಾಟಿಗಿಂತ ಈ ಪ್ರಶ್ನೆಗೇ ಹೆಚ್ಚು ಸಮಯ ಕೊಡಿ. 8 ಇಂಚಿನ ಸ್ಪೀಕರ್ ಸಣ್ಣ ಪೆಟ್ಟಿಗೆಯಲ್ಲಿ ಇದ್ದಾಗ ತಗ್ಗಿನ ಸ್ವರಗಳು ಬಡವಾಗುತ್ತವೆ, ನಡುವಿನ ಸ್ವರಗಳು ಮುಂದೆ ಬರುತ್ತವೆ. ರೆಕಾರ್ಡಿಂಗಿಗೆ ಅದು ಚೆನ್ನಾಗಿರುತ್ತದೆ, ಮಿಕ್ಸಿನಲ್ಲಿ ಬೇಸ್ ಗಿಟಾರಿಗೆ ಅಡ್ಡ ಬರುವುದಿಲ್ಲ. ಮನೆಯಲ್ಲಿ ಒಬ್ಬರೇ ಕೂತು ನುಡಿಸುವಾಗ ಮಾತ್ರ ಡಬ್ಬದೊಳಗಿನಿಂದ ಬಂದ ಹಾಗೆ ಅನ್ನಿಸಬಹುದು.

10 ಇಂಚು ನಡುವಿನ ದಾರಿ. ವಾಕ್ಸ್ ಎಸಿ10, ಪ್ರಿನ್ಸ್‌ಟನ್ ರಿವರ್ಬ್ ಎರಡರಲ್ಲೂ 10 ಇಂಚೇ. ಮೆಲ್ಲಗೆ ನುಡಿಸಿದರೂ ತುಂಬಿದ ದನಿ ಬೇಕು ಅಂದರೆ 12 ಇಂಚು. 5 ವ್ಯಾಟಿನ ಆಂಪನ್ನು 12 ಇಂಚಿನ ಬೇರೆ ಕ್ಯಾಬಿನೆಟ್ಟಿಗೆ ಸೇರಿಸಿ ಒಂದು ಸಲ ಕೇಳಿ. ಅದೇ ಆಂಪ್ ಅಂತ ನಂಬುವುದು ಕಷ್ಟ. ಕೊಳ್ಳುವಾಗ ಹಿಂದುಗಡೆ ಎಕ್ಸ್‌ಟರ್ನಲ್ ಸ್ಪೀಕರ್ ಜಾಕ್ ಇದೆಯಾ ಅಂತ ನೋಡಿ. ಇದ್ದರೆ ಮುಂದೆ ಈ ದಾರಿ ತೆರೆದಿರುತ್ತದೆ.

ರಿವರ್ಬ್, ಎಫೆಕ್ಟ್ಸ್ ಲೂಪ್, ಎರಡು ಚಾನೆಲ್: ಯಾವುದು ಬೇಕೇ ಬೇಕು?

ಯಾವುದೂ ಇಲ್ಲ. ರಿವರ್ಬ್ (ದೊಡ್ಡ ಹಾಲಿನಲ್ಲಿ ನುಡಿಸಿದಂಥ ಗುಂಗು) ಇದ್ದರೆ ಸಂತೋಷ, ಇಲ್ಲದಿದ್ದರೆ ಅದಕ್ಕೆ ಪೆಡಲ್ (ಕಾಲಿನಿಂದ ಒತ್ತುವ ಎಫೆಕ್ಟ್ ಪೆಟ್ಟಿಗೆ) ಸಿಗುತ್ತದೆ. ಆಂಪಿನ ಗೇನ್‌ನಲ್ಲೇ (ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಮಟ್ಟ) ದನಿ ಒಡೆಸಿ, ಅದರ ಮೇಲೆ ಡಿಲೇ (ಪ್ರತಿಧ್ವನಿ) ಹಾಕುವವರಿಗೆ ಲೂಪ್ ಉಪಯೋಗ, ಪೆಡಲನ್ನು ಪ್ರೀಆಂಪಿನ ನಂತರ ಸೇರಿಸುವ ಜಾಕ್ ಅದು. ಎರಡು ಚಾನೆಲ್ (ತಿಳಿ ದನಿಗೊಂದು, ಒಡೆದ ದನಿಗೊಂದು) ಇಲ್ಲದೆಯೂ ನಡೆಯುತ್ತದೆ, ಹಳೆಯ ಫೆಂಡರ್ ಚಾಂಪಿನಲ್ಲಿ ಇದ್ದದ್ದು ಒಂದೇ ಒಂದು ವಾಲ್ಯೂಮ್ ನಾಬ್.

ಅಂಗಡಿಯಲ್ಲಿ ಹೇಗೆ ಟೆಸ್ಟ್ ಮಾಡಲಿ? ಎಲ್ಲರೂ ನೋಡ್ತಿರ್ತಾರೆ, ಮುಜುಗರ.

ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ತೆಗೆದುಕೊಂಡು ಹೋಗಿ. ವಾರದ ನಡುವೆ, ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ಜನ ಇರುವುದಿಲ್ಲ. ಪೆಡಲ್ ಬೇಡ.

ಮೊದಲು ಏನೂ ನುಡಿಸಬೇಡಿ. ವಾಲ್ಯೂಮ್ ಸೊನ್ನೆಯಲ್ಲಿಟ್ಟು ಸ್ಪೀಕರಿನ ಹತ್ತಿರ ಕಿವಿ ಕೊಡಿ. ಸಣ್ಣ ಗುಂಯ್ ಸಹಜ, ಮಾತಾಡುವವರಿಗೆ ತೊಂದರೆ ಆಗುವಷ್ಟು ಗುಂಯ್ ಬೇಡ. ಆಮೇಲೆ ಟೋನ್ ನಾಬ್ ಎಲ್ಲ ನಡುವಿನಲ್ಲಿಟ್ಟು, ಮನೆಯಲ್ಲಿ ನೀವು ನುಡಿಸುವ ಮಟ್ಟಕ್ಕೇ ವಾಲ್ಯೂಮ್ ಇಡಿ. ಒಂದೇ ಸ್ವರವನ್ನು ಬೆರಳ ತುದಿಯಿಂದ ಮೆಲ್ಲಗೆ, ಆಮೇಲೆ ಪಿಕ್ಕಿನಿಂದ ಜೋರಾಗಿ ಮೀಟಿ. ಎರಡರ ನಡುವೆ ಬರೀ ಶಬ್ದವಲ್ಲ, ಬಣ್ಣವೂ ಬದಲಾಗಬೇಕು. ನಂತರ ಗಿಟಾರಿನ ವಾಲ್ಯೂಮ್ ನಾಬ್ ಇಳಿಸಿ ನೋಡಿ. ಒಡೆದ ದನಿ ಮತ್ತೆ ತಿಳಿಯಾಯಿತಾ? ತಿಳಿಯಾಗಿದ್ದರೆ ಆ ಆಂಪ್ ನಿಮ್ಮ ಕೈಯ ಮಾತು ಕೇಳುತ್ತದೆ ಅಂತ ಅರ್ಥ. ನಾನು ಕೊನೆಗೆ ತೀರ್ಮಾನ ಮಾಡುವುದು ಇದರ ಮೇಲೆಯೇ. ಇಪ್ಪತ್ತು ನಿಮಿಷವಾದರೂ ಕೂತಿರಿ, ಬಿಸಿಯಾದ ಮೇಲೆ ದನಿ ಕುಗ್ಗಬಾರದು, ಚಟಪಟ ಸದ್ದು ಬರಬಾರದು.

ಸುತ್ತಿ ಬಳಸಿ ಬೇಡ. ಯಾವ ಮಾಡೆಲ್ ತಗೊಳ್ಳಲಿ?

ಫ್ಲಾಟಿನಲ್ಲಿ ಒಬ್ಬರೇ ನುಡಿಸಲು: ಪವರ್ ಇಳಿಸಬಹುದಾದ 5 ವ್ಯಾಟಿನ ಯಾವುದಾದರೂ, ಡಿಎಸ್‌ಎಲ್5 ಅಥವಾ ವಿ5 ಹಾಗಿನದು. ಮನೆ ಮತ್ತು ಸಣ್ಣ ಪ್ರಾಕ್ಟೀಸ್ ಎರಡಕ್ಕೂ: ಎಸಿ10. ಡ್ರಮ್ಮರ್ ಜೊತೆ ವಾರಕ್ಕೊಮ್ಮೆ: ಬ್ಲೂಸ್ ಜೂನಿಯರ್ ಅಥವಾ ಎಸಿ15. ತಿಳಿಯಾದ ದನಿಯೇ ಜೀವ ಅನ್ನುವವರಿಗೆ, ಕೈಯಲ್ಲಿ ದುಡ್ಡೂ ಇದ್ದರೆ: ಪ್ರಿನ್ಸ್‌ಟನ್ ರಿವರ್ಬ್. ಮೂರನೇ ಮಹಡಿಗೆ ಲಿಫ್ಟ್ ಇಲ್ಲದಿದ್ದರೆ ತೂಕವನ್ನೂ ಕೇಳಿ. ಬ್ಲೂಸ್ ಜೂನಿಯರ್ ಸುಮಾರು 14 ಕೆಜಿ, ಎಸಿ15 ಸುಮಾರು 22 ಕೆಜಿ. ಆಟೋದಿಂದ ಇಳಿಸಿ ಮೆಟ್ಟಿಲು ಹತ್ತುವಾಗ ಆ 8 ಕೆಜಿ ಚೆನ್ನಾಗಿ ಗೊತ್ತಾಗುತ್ತದೆ.

ಬ್ಯಾಂಡಿಗೆ, ಪಬ್ಬಿನ ಶೋಗೆ ಸಣ್ಣ ಆಂಪ್ ಸಾಕಾ?

15 ವ್ಯಾಟ್ ಸಾಕು, ಮೈಕ್ ಇದ್ದರೆ. 2011ರ ಅಕ್ಟೋಬರಿನಲ್ಲಿ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗಲೂ ಮೈದಾನದ ಕೊನೆಯವರೆಗೆ ಸದ್ದು ಮುಟ್ಟಿಸಿದ್ದು ಪಿಎ ಸ್ಪೀಕರುಗಳು, ಅಂದರೆ ಮೈಕಿನ ಸದ್ದನ್ನು ಜನರಿಗೆ ಮುಟ್ಟಿಸುವ ದೊಡ್ಡ ಸ್ಪೀಕರುಗಳು. ಕೋರಮಂಗಲದ ಪಬ್ಬಿನಲ್ಲೂ ಅದೇ ಕ್ರಮ: ನಿಮ್ಮ ಆಂಪಿನ ಮುಂದೆ ಒಂದು ಮೈಕ್, ಉಳಿದದ್ದು ಸೌಂಡ್ ಎಂಜಿನಿಯರ್ ಕೆಲಸ. ಸ್ಟೇಜಿನಲ್ಲಿ ಆಂಪ್ ಸಣ್ಣದಿದ್ದರೆ ಹಾಡುವವರ ಮೈಕಿಗೆ ಗಿಟಾರ್ ನುಗ್ಗುವುದಿಲ್ಲ. 5 ವ್ಯಾಟ್ ಮಾತ್ರ ಡ್ರಮ್ಸಿನ ಪಕ್ಕದಲ್ಲಿ ತಿಳಿಯಾಗಿ ಉಳಿಯುವುದಿಲ್ಲ, ಒಡೆದೇ ಬರುತ್ತದೆ. ಅದೇ ದನಿ ಬೇಕಿದ್ದರೆ ಸರಿ.

### ಕರೆಂಟಿನ ವಿಷಯ

ಅಮೆರಿಕಾದಿಂದ ಅಣ್ಣ ಬರ್ತಿದ್ದಾನೆ. ಅಲ್ಲಿ ಅಗ್ಗ ಅಂತಾರೆ, ತರಿಸಲಾ?

ಮೊದಲು ಆಂಪಿನ ಹಿಂದೆ ಬರೆದಿರುವ ವೋಲ್ಟೇಜಿನ ಫೋಟೋ ತರಿಸಿಕೊಳ್ಳಿ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಜಯನಗರದ ನನ್ನ ಗೆಳೆಯನೊಬ್ಬ ಅಮೆರಿಕದಿಂದ ಬಂದ ಆಂಪಿಗೆ ಟ್ರಾವೆಲ್ ಅಡಾಪ್ಟರ್ ಹಾಕಿ ಚುಚ್ಚಿಬಿಟ್ಟ. ಅಡಾಪ್ಟರ್ ಬದಲಿಸುವುದು ಪಿನ್ನನ್ನು ಮಾತ್ರ, ವೋಲ್ಟೇಜನ್ನಲ್ಲ. ಟ್ಯೂಬುಗಳು ಒಂದು ಕ್ಷಣ ಬೆಳ್ಳಗೆ ಹೊಳೆದವು, ಠಪ್ ಅಂತ ಫ್ಯೂಸ್ ಹೋಯಿತು, ಕೋಣೆ ತುಂಬ ಸುಟ್ಟ ವಾರ್ನಿಷ್ ವಾಸನೆ. ಹೊಸ ಪವರ್ ಟ್ರಾನ್ಸ್‌ಫಾರ್ಮರ್ ಹಾಕಿಸಬೇಕಾಯಿತು. ಉಳಿಸಿದ ದುಡ್ಡು ಅದಕ್ಕೇ ಹೋಯಿತು.

ಒಳಗೆ 230 ವೋಲ್ಟಿಗೆ ಬದಲಿಸುವ ಸ್ವಿಚ್ ಅಥವಾ ಟ್ಯಾಪ್ ಇರುವ ಆಂಪುಗಳೂ ಇವೆ. ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ವಿಚಾರಿಸಿ. ಆಂಪ್ ಎಳೆಯುವ ವ್ಯಾಟಿನ ಎರಡರಷ್ಟಾದರೂ ಇರುವುದನ್ನು ಆರಿಸಿ, ಅರ್ಥ್ ಪಿನ್ ಕೊನೆಯವರೆಗೂ ಮುಂದುವರಿದಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಎರಡೇ ಪಿನ್ನಿನ ಸಾಕೆಟ್ ಇರುವ ಸ್ಟೆಪ್‌ಡೌನ್ ಬೇಡವೇ ಬೇಡ. ಇನ್ನೊಂದು ಮಾತು, ಸ್ಟೆಪ್‌ಡೌನ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. 60 ಹರ್ಟ್ಸಿಗೆ ಅಂತಲೇ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಲೇಬಲಿನಲ್ಲಿ 50/60 ಅಂತ ಇದ್ದರೆ ಚಿಂತೆ ಇಲ್ಲ.

ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ನುಡಿಸಬಹುದಾ?

ಸೈನ್ ವೇವ್ ಇನ್ವರ್ಟರ್ ಆದರೆ ಆಗಬಹುದು. 15 ವ್ಯಾಟಿನ ಟ್ಯೂಬ್ ಆಂಪ್ ಗೋಡೆಯಿಂದ ಎಳೆಯುವುದು 100 ವ್ಯಾಟಿನ ಆಸುಪಾಸು. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಬೇಡ, ಜೇನುಗೂಡಿನ ಹಾಗೆ ಜುಂಯ್ ಅನ್ನುತ್ತದೆ, ಟ್ರಾನ್ಸ್‌ಫಾರ್ಮರೂ ಬಿಸಿಯಾಗುತ್ತದೆ. ಮಳೆಗಾಲದ ಸಂಜೆ ಕರೆಂಟ್ ಹೋಗಿ ಬಂದು ಮಾಡುತ್ತಿದ್ದರೆ ಆಂಪ್ ಆಫ್ ಮಾಡಿ ಪ್ಲಗ್ ತೆಗೆದುಬಿಡಿ.

ಗುಂಯ್ ಅಂತ ಸದ್ದು ಬರುತ್ತೆ, ತಂತಿ ಮುಟ್ಟಿದರೆ ನಿಲ್ಲುತ್ತೆ. ಏನದು?

ಗಿಟಾರಿನ ತಂತಿ ಮುಟ್ಟಿದಾಗ ಸದ್ದು ಇಳಿದರೆ ಅದು ಗಿಟಾರ್ ಹಿಡಿಯುತ್ತಿರುವ ಸದ್ದು, ಆಂಪಿನದ್ದಲ್ಲ. ಫ್ಯಾನ್ ರೆಗ್ಯುಲೇಟರ್, ಡಿಮ್ಮರ್, ಎಲ್‌ಇಡಿ ಬಲ್ಬ್ ಒಂದೊಂದಾಗಿ ಆರಿಸಿ ನೋಡಿ. ಗಿಟಾರ್ ಕಿತ್ತ ಮೇಲೂ ಗುಂಯ್ ಅನ್ನುತ್ತಿದ್ದರೆ ಆಂಪಿನ ಫಿಲ್ಟರ್ ಕೆಪಾಸಿಟರ್ (ಒಳಗಿನ ಕರೆಂಟಿನ ಏರಿಳಿತ ತಗ್ಗಿಸುವ ಭಾಗ) ಹಳತಾಗಿರಬಹುದು. ಹಳೆಯ ಮನೆಯಾದರೆ ಎಲೆಕ್ಟ್ರೀಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಗುಂಯ್ ಕಡಿಮೆಯಾಗುತ್ತದೆ ಅಂತ ಯಾರಾದರೂ ಅರ್ಥ್ ಪಿನ್ ಕೀಳಲು ಹೇಳಿದರೆ ದಯವಿಟ್ಟು ಕೇಳಬೇಡಿ. ಆಂಪಿನಲ್ಲಿ ಏನಾದರೂ ಕೆಟ್ಟ ದಿನ ಕರೆಂಟ್ ಗಿಟಾರಿನ ತಂತಿಯ ಮೂಲಕ ನಿಮ್ಮ ಕೈಗೇ ಬರುತ್ತದೆ.

### ಮನೆಗೆ ತಂದ ಮೇಲೆ

ಟ್ಯೂಬ್ ಎಷ್ಟು ದಿನ ಬರುತ್ತೆ? ಬೆಂಗಳೂರಲ್ಲಿ ಸಿಗುತ್ತಾ?

ದಿನಾ ನುಡಿಸಿದರೆ ಪವರ್ ಟ್ಯೂಬ್ ಒಂದೆರಡು ವರ್ಷ, ಮೆಲ್ಲಗೆ ನುಡಿಸುವವರಿಗೆ ಇನ್ನೂ ಜಾಸ್ತಿ. ಪ್ರೀಆಂಪ್ ಟ್ಯೂಬ್ ಎಷ್ಟೋ ವರ್ಷ ಬರುತ್ತದೆ. ದೊಡ್ಡ ಸಂಗೀತ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತವೆ. ಈಗ ಬರುವುದು ಹೆಚ್ಚಾಗಿ ಸ್ಲೊವಾಕಿಯಾ, ರಷ್ಯಾ, ಚೀನಾದಿಂದ. ಒಂದು ಕಾಲದಲ್ಲಿ ಇಲ್ಲೇ ತಯಾರಾಗುತ್ತಿದ್ದವು ಅನ್ನುವುದು ನನಗೆ ಬಹಳ ಹೆಮ್ಮೆಯ ವಿಷಯ. ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಲ್ಲಿ ರಿಸೀವಿಂಗ್ ವಾಲ್ವ್ (ರೇಡಿಯೋದಂಥ ಉಪಕರಣಗಳ ವಾಲ್ವ್) ತಯಾರಿಸಲು ಶುರು ಮಾಡಿತು. ಬಿಇಎಲ್ ಅಂತ ಅಚ್ಚು ಹಾಕಿದ ಹಳೆಯ ವಾಲ್ವ್ ಯಾರ ಮನೆಯ ಅಟ್ಟದಲ್ಲಾದರೂ ಸಿಕ್ಕರೆ ಎಸೆಯಬೇಡಿ, ಅದರ ನಂಬರ್ ಓದಿ.

ಒಂದೇ ಒಂದು ಸ್ವರಕ್ಕೆ ಜರ್ ಅನ್ನುತ್ತೆ. ಟ್ಯೂಬ್ ಹೋಯ್ತಾ?

ಇರಬಹುದು. ಆಂಪ್ ಆನ್ ಇರುವಾಗ ಪೆನ್ಸಿಲಿನ ಹಿಂಬದಿಯಿಂದ ಪ್ರೀಆಂಪ್ ಟ್ಯೂಬನ್ನು ಮೆಲ್ಲಗೆ ತಟ್ಟಿ. ಗಂಟೆ ಹೊಡೆದ ಹಾಗೆ ಸ್ಪೀಕರಿನಲ್ಲಿ ಜೋರಾಗಿ ಕೇಳಿಸಿದರೆ ಆ ಟ್ಯೂಬ್ ಮೈಕ್ರೊಫೋನಿಕ್ ಆಗಿದೆ, ಬದಲಿಸಿ. ಆದರೆ ಮೊದಲು ಮನೆಯಲ್ಲಿ ಏನಾದರೂ ಅದುರುತ್ತಿದೆಯಾ ಅಂತ ಹುಡುಕಿ. ನನ್ನ ಆಂಪಿನಲ್ಲಿ ಐದನೇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದಾಗ ಮಾತ್ರ ಜರ್ ಬರುತ್ತಿತ್ತು. ಎರಡು ವಾರ ಟ್ಯೂಬ್ ಅದಲುಬದಲು ಮಾಡಿದೆ. ಒಂದು ದಿನ ನಾನು ಅದೇ ತಂತಿ ಮೀಟುತ್ತಿದ್ದಾಗ ಅಮ್ಮ ಅಡುಗೆಮನೆಯಲ್ಲಿ ಸಾರಿನ ಪುಡಿಯ ಸ್ಟೀಲ್ ಡಬ್ಬದ ಮುಚ್ಚಳದ ಮೇಲೆ ಕೈ ಇಟ್ಟರು. ಜರ್ ನಿಂತಿತು.

ಸ್ಪೀಕರ್ ಕಳಚಿ ಆನ್ ಮಾಡಿದರೆ ಏನಾಗುತ್ತೆ?

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಟ್ಯೂಬ್ ಆಂಪಿಗೆ ಯಾವಾಗಲೂ ಸ್ಪೀಕರ್ ಅಥವಾ ಅದರ ಬದಲಿನ ಲೋಡ್ ಇರಲೇಬೇಕು. ಬೇರೆ ಸ್ಪೀಕರ್ ಹಾಕುವಾಗ ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಹೊಂದಿಸಿ, 8 ಓಮಿನ ಜಾಕಿಗೆ 8 ಓಮಿನ ಸ್ಪೀಕರ್.

ಯೂಟ್ಯೂಬ್ ನೋಡಿ ನಾನೇ ಬಿಚ್ಚಲಾ?

ಟ್ಯೂಬ್, ಫ್ಯೂಸ್ ಬದಲಿಸಬಹುದು, ಪ್ಲಗ್ ತೆಗೆದು, ತಣ್ಣಗಾದ ಮೇಲೆ. ಚಾಸಿಸ್ (ಸರ್ಕ್ಯೂಟ್ ಇರುವ ಒಳಗಿನ ಲೋಹದ ಪೆಟ್ಟಿಗೆ) ಮಾತ್ರ ಬಿಚ್ಚಬೇಡಿ. ಒಳಗೆ 300, 400 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಅದು ಪ್ರಾಣ ತೆಗೆಯುವಷ್ಟು. ಹಳೆಯ ವಾಲ್ವ್ ರೇಡಿಯೋ ಅಥವಾ ಟ್ಯೂಬ್ ಆಂಪ್ ಕೆಲಸ ಗೊತ್ತಿರುವವರ ಹತ್ತಿರವೇ ಹೋಗಿ.

### ಇನ್ನೂ ಆಳಕ್ಕೆ ಇಳಿಯುವವರಿಗೆ

ಕ್ಲಾಸ್ ಎ ಅಂತ ಬರೆದಿರುತ್ತಲ್ಲ, ಅದು ಮೇಲ್ದರ್ಜೆನಾ? ಬಯಾಸ್ ಅಂದರೇನು?

ಕ್ಲಾಸ್ ಎ ಅನ್ನುವುದು ಮಾರ್ಕ್ಸ್ ಕಾರ್ಡಿನ ಗ್ರೇಡ್ ಅಲ್ಲ. ಸಿಗ್ನಲಿನ ಇಡೀ ಅಲೆಯುದ್ದಕ್ಕೂ ಪವರ್ ಟ್ಯೂಬಿನಲ್ಲಿ ಕರೆಂಟ್ ಹರಿಯುತ್ತಲೇ ಇದ್ದರೆ ಅದು ಕ್ಲಾಸ್ ಎ. ಒಂದೇ ಪವರ್ ಟ್ಯೂಬಿನ ಚಾಂಪ್ ಹಾಗಿನ ಆಂಪುಗಳೆಲ್ಲ ಹೀಗೆ. ಎರಡು ಟ್ಯೂಬ್ ಸರದಿಯಲ್ಲಿ ತಳ್ಳಿ ಎಳೆಯುವ ಆಂಪುಗಳಿಗೆ ಕ್ಲಾಸ್ ಎ ಅಂತ ಬರೆದಿದ್ದರೂ, ಜೋರಾಗಿ ನುಡಿಸುವಾಗ ಹೆಚ್ಚಿನವು ಕ್ಲಾಸ್ ಎಬಿಯೇ, ಅಂದರೆ ಪ್ರತಿ ಟ್ಯೂಬಿನಲ್ಲೂ ಅಲೆಯ ಸ್ವಲ್ಪ ಭಾಗ ಕರೆಂಟ್ ನಿಲ್ಲುತ್ತದೆ.

ಬಯಾಸ್ ಅಂದರೆ ನೀವು ನುಡಿಸದೆ ಇರುವಾಗ ಟ್ಯೂಬಿನಲ್ಲಿ ಎಷ್ಟು ಕರೆಂಟ್ ಹರಿಯಬೇಕು ಅನ್ನುವ ಹೊಂದಾಣಿಕೆ. ಕ್ಯಾಥೋಡ್ ಬಯಾಸ್ ಇರುವ ಆಂಪ್ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಚಾಂಪ್, ಎಸಿ15 ಈ ಜಾತಿ. ಫಿಕ್ಸೆಡ್ ಬಯಾಸ್ ಆದರೆ ಹೊಸ ಪವರ್ ಟ್ಯೂಬ್ ಹಾಕಿದಾಗ ಗೊತ್ತಿರುವವರಿಂದ ಅಳತೆ ಮಾಡಿಸಬೇಕು. ಟ್ಯೂಬಿನೊಳಗಿನ ಲೋಹದ ತಗಡೇ ಕೆಂಪಗಾಗುತ್ತಿದ್ದರೆ ತಕ್ಷಣ ಆಫ್ ಮಾಡಿ.

ಗೇನ್ ಜಾಸ್ತಿ ಅನ್ನಿಸುತ್ತೆ. ಪ್ರೀಆಂಪ್ ಟ್ಯೂಬ್ ಬದಲಿಸಿ ಇಳಿಸಬಹುದಾ?

ಇಳಿಸಬಹುದು, ಕಡಿಮೆ ಖರ್ಚಿನ ಒಳ್ಳೆಯ ಪ್ರಯೋಗ. 12ಎಎಕ್ಸ್7 ಟ್ಯೂಬಿನ ಗೇನ್ ಅಂಕಿ 100. ಇದೇ ಟ್ಯೂಬಿಗೆ ಯುರೋಪಿನಲ್ಲಿ ಇಸಿಸಿ83 ಅಂತ ಹೆಸರು. 5751ಕ್ಕೆ 70, 12ಎವೈ7ಕ್ಕೆ 45ರ ಹತ್ತಿರ. ಇನ್‌ಪುಟ್ ಜಾಕಿನ ಹತ್ತಿರದ ಮೊದಲ ಟ್ಯೂಬನ್ನಷ್ಟೇ ಬದಲಿಸಿ ಕೇಳಿ. ವಾಲ್ಯೂಮ್ ನಾಬ್ ತಿರುಗಿಸಲು ಇನ್ನಷ್ಟು ಜಾಗ ಸಿಗುತ್ತದೆ, ತಿಳಿಯಾದ ದನಿ ಇನ್ನೂ ಸ್ವಲ್ಪ ದೂರ ಉಳಿಯುತ್ತದೆ. ಮನೆಯಲ್ಲಿ ನುಡಿಸುವವರಿಗೆ ಅದೇ ದೊಡ್ಡ ಲಾಭ.

ನಾನು ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸ್ತೀನಿ. ಗಮಕ ಚೆನ್ನಾಗಿ ಕೇಳಬೇಕು. ನನಗೆ ಯಾವುದು?

ಈ ಪ್ರಶ್ನೆ ಮಲ್ಲೇಶ್ವರದಿಂದಲೂ ಬಂತು, ಬಸವನಗುಡಿಯಿಂದಲೂ ಬಂತು. ನನಗೆ ತುಂಬ ಇಷ್ಟದ ಪ್ರಶ್ನೆ. ಗಮಕ ಮುಗಿಯುವವರೆಗೆ ಸ್ವರ ಸಾಯಬಾರದು. ಒಡೆಯುವ ಅಂಚಿನಲ್ಲಿರುವ ಟ್ಯೂಬ್ ಆಂಪ್ ಜೋರು ಸ್ವರವನ್ನು ಸ್ವಲ್ಪ ಅದುಮಿ, ಅದರ ಬಾಲವನ್ನು ಎತ್ತಿ ಹಿಡಿಯುತ್ತದೆ. ಜಾರು, ಕಂಪಿತ ಎಲ್ಲ ಕೊನೆಯವರೆಗೂ ಕೇಳುತ್ತವೆ. ಗೇನ್ ಜಾಸ್ತಿ ಮಾಡಿದರೆ ಮೆಲ್ಲಗೆ ಮೀಟಿದ್ದು, ಒತ್ತಿ ಮೀಟಿದ್ದು ಎರಡೂ ಒಂದೇ ಆಗಿಬಿಡುತ್ತವೆ. 6ವಿ6, 10 ಅಥವಾ 12 ಇಂಚು, ರಿವರ್ಬ್ ಕಡಿಮೆ, ಮೃದಂಗ ಜೊತೆಯಲ್ಲಿದ್ದರೆ ಬೇಸ್ ಇಳಿಸಿ.

ಒಂದು ತಪ್ಪು ಮಾತ್ರ ಎಲ್ಲರೂ ಮಾಡುತ್ತಾರೆ. ಆಂಪಿನಲ್ಲಿ ಎರಡು ಇನ್‌ಪುಟ್ ಇದೆ ಅಂತ ಎರಡನೆಯದಕ್ಕೆ ಶ್ರುತಿ ಪೆಟ್ಟಿಗೆ ಚುಚ್ಚುತ್ತಾರೆ. ದನಿ ಒಡೆಯುವ ಹೊತ್ತಿಗೆ ಟ್ಯೂಬಿನೊಳಗೆ ಎರಡೂ ಬೆರೆತು, ಎರಡರಲ್ಲೂ ಇಲ್ಲದ ಹೊಸ ಸ್ವರಗಳು ಹುಟ್ಟುತ್ತವೆ. ಶ್ರುತಿಯೇ ಕಲಸಿದ ಹಾಗೆ ಕೇಳುತ್ತದೆ. ತಂಬೂರವನ್ನು ಬೇರೆ ಸಣ್ಣ ಸ್ಪೀಕರಿನಲ್ಲಿ ಹಾಕಿ, ಅದನ್ನು ನಿಮ್ಮ ಬೆನ್ನ ಹಿಂದೆ ಇಟ್ಟುಕೊಳ್ಳಿ.